ಹಾಲು ಹಿಂಡುವ ಪಂಪಿಗೆ ಡೀಸೆಲ್ ಎಂಜಿನ್: ಜೋಡಿಸುವುದು ಹೇಗೆ?

ಸಾಲೋಟಗಿಯ ನಮ್ಮ ಹೊಲದ ವಸ್ತಿಯಲ್ಲಿ ಆರು ಆಕಳಿವೆ. ಜೋಳ, ತೊಗರಿ ಮಳೆ ನಂಬಿದ ಬೆಳೆ. ಸಂತೆಯ ರೊಕ್ಕ ಹಾಲಿನದೇ. ಮನೆಯಾಕಿಗೆ ಬೆರಳು ನೋವು ಹೆಚ್ಚಾಗಿ 2021ರಲ್ಲಿ ಹಾಲು ಹಿಂಡುವ ಮಶೀನು ತಂದೆವು. ಆದರೆ ಹಿಂಡುವ ಹೊತ್ತಿಗೇ ಕರೆಂಟು ಕೈಕೊಡುತ್ತಿತ್ತು. ಮೂಲೆಯಲ್ಲಿ 5 ಅಶ್ವಶಕ್ತಿಯ ಹಳೇ ಡೀಸೆಲ್ ಎಂಜಿನ್ ಬಿದ್ದಿತ್ತು. ಮಶೀನಿನ ವ್ಯಾಕ್ಯೂಮ್ ಪಂಪನ್ನು ಅದಕ್ಕೆ ಜೋಡಿಸಿದೆ. ಮೊದಲು ತಪ್ಪಿದೆ, ಆಮೇಲೆ ಕಲಿತೆ.

ಎಂಜಿನ್ನೇ ಗಾಳಿ ಎಳೆಯದೇ?

ಪಂಪು ಯಾಕೆ, ಎಂಜಿನ್ ಗಾಳಿ ಎಳೆಯುವ ಬಾಯಿಗೇ ಪೈಪು ಕೂಡಿಸಿದರಾಯಿತಲ್ಲ ಅಂತ ಕೆಲವರು ಕೇಳುತ್ತಾರೆ. ಪೆಟ್ರೋಲ್ ಎಂಜಿನ್ನಿನ ಗಾಳಿಯ ದಾರಿಗೆ ಒಂದು ಕವಾಟ ಅಡ್ಡ ಇರುತ್ತದೆ. ಅದು ಮುಚ್ಚಿದಷ್ಟೂ ಒಳಗೆ ಎಳೆತ ಹೆಚ್ಚು. ನಮ್ಮ ಡೀಸೆಲ್ ಎಂಜಿನ್ನಿಗೆ ಆ ಕವಾಟವಿಲ್ಲ. ಗವರ್ನರ್ ಹೆಚ್ಚು ಕಡಿಮೆ ಮಾಡುವುದು ಡೀಸೆಲ್ಲನ್ನು, ಗಾಳಿಯನ್ನಲ್ಲ. ಅದಕ್ಕೇ ಡೀಸೆಲ್ ಜೀಪಿಗೂ ಬ್ರೇಕಿನ ಸಲುವಾಗಿ ಬೇರೆ ವ್ಯಾಕ್ಯೂಮ್ ಪಂಪು ಇರುತ್ತದೆ.

ಮೂರು ದಾರಿ

1. ಎಂಜಿನ್ನಿನಿಂದ ಆಲ್ಟರ್ನೇಟರ್ ತಿರುಗಿಸಿ, ಆ ಕರೆಂಟಿನಿಂದ ಮೋಟರು ನಡೆಸುವುದು. ದೀಪವೂ ಉರಿಯುತ್ತದೆ. ಆದರೆ ಖರ್ಚು ದೊಡ್ಡದು. ಶುರುವಿಗೆ ಮೋಟರು ಹಲವು ಪಟ್ಟು ಕರೆಂಟು ಎಳೆಯುವುದರಿಂದ ಆಲ್ಟರ್ನೇಟರೂ ದೊಡ್ಡದೇ ಬೇಕು.

2. ಎಂಜಿನ್ನಿಗೆ ಪಂಪನ್ನು ನೇರ ಕಪ್ಲಿಂಗ್ ಮಾಡುವುದು. ಎರಡರ ವೇಗ ಒಂದೇ ಇರಬೇಕು, ಕೂಡಿಕೆ ಕೂದಲೆಳೆಯಷ್ಟೂ ತಪ್ಪಬಾರದು. ಒಂಟಿ ಸಿಲಿಂಡರಿನ ಜಗ್ಗಾಟವೆಲ್ಲ ಪಂಪಿಗೇ ಬೀಳುತ್ತದೆ.

3. ಬೆಲ್ಟು. ವೇಗ ಹೊಂದಿಸಬಹುದು, ಜಗ್ಗಾಟ ತಡೆಯುತ್ತದೆ. ಕರೆಂಟು ಇದ್ದಾಗ ಅದೇ ಪಂಪನ್ನು ಮೋಟರಿಗೂ ಹಾಕಬಹುದು. ನಾನು ಆರಿಸಿದ್ದು ಇದನ್ನೇ.

ನಾನು ತಪ್ಪಿದ್ದು

ಪಂಪಿನ ಪುಲ್ಲಿ 6 ಇಂಚು. ಮನೆಯಲ್ಲಿದ್ದ 6 ಇಂಚಿನದನ್ನೇ ಎಂಜಿನ್ನಿಗೂ ಹಾಕಿದೆ. ಎಂಜಿನ್ ನಿಮಿಷಕ್ಕೆ 1500 ಸುತ್ತು. ಪಂಪಿನ ಮೇಲೆ ಬರೆದದ್ದು 1000. ಪಂಪು ಕಾದು ಎಣ್ಣೆ ಕುಡಿಯತೊಡಗಿತು. ರೆಗ್ಯುಲೇಟರಿನಲ್ಲಿ ಧೂಳು ಕೂತು ಸಿಕ್ಕಿಕೊಂಡಿತ್ತು. ಮುಳ್ಳು ಮೇಲೇರಿದ್ದನ್ನು ನಾನು ನೋಡಲಿಲ್ಲ. ಕೆಂಪಾಕಳು ಒದೆಯಿತು. 'ಸೊಕ್ಕು' ಅಂತ ಬೈದು ಕಾಲು ಕಟ್ಟಿದೆ. ನಾಲ್ಕು ದಿನಕ್ಕೆ ಕೆಚ್ಚಲು ಬಾವು. ಔಷಧವಾಯಿತು, ಆದರೂ ಒಂದು ಮೊಲೆ ಬತ್ತಿಯೇ ಹೋಯಿತು. ಸೊಕ್ಕು ಆಕಳದ್ದಲ್ಲ, ನನ್ನದು.

ಲೆಕ್ಕ ಹೀಗೆ

ಏಳನೆತ್ತದ ಗಣಿತ ಸಾಕು. ಪಂಪಿನ ಸುತ್ತನ್ನು ಪಂಪಿನ ಪುಲ್ಲಿಯ ಅಳತೆಯಿಂದ ಗುಣಿಸಿ, ಎಂಜಿನ್ನಿನ ಸುತ್ತಿನಿಂದ ಭಾಗಿಸಿರಿ. 1000 × 6 ÷ 1500 = 4 ಇಂಚು. 1440 ಸುತ್ತಿನ ಮೋಟರಿಗೂ 4 ಇಂಚೇ ಹಾಕಿದೆ. ಪಂಪು 960 ಸುತ್ತುತ್ತದೆ, ನಡೆಯುತ್ತದೆ.

ಲಕ್ಷ್ಯ ಇಡಬೇಕಾದ್ದು

* ಪಂಪು ಬಾಣದ ಗುರುತಿನ ಕಡೆಗೇ ತಿರುಗಬೇಕು. ಚಪ್ಪಟೆ ಬೆಲ್ಟನ್ನು ಅಡ್ಡ ಹಾಕಿ ದಿಕ್ಕು ಬದಲಿಸಬಹುದು. ವಿ-ಬೆಲ್ಟಿಗೆ ಅದು ಆಗದು, ಪಂಪನ್ನೇ ತಿರುಗಿಸಿ ಕೂಡಿಸಿರಿ.

* ಬಕೆಟ್ ಮಶೀನಿಗೆ ಮುಳ್ಳು ಸಾಧಾರಣ 13ರಿಂದ 15 ಇಂಚು ಪಾದರಸದಲ್ಲಿರಬೇಕು. ಮುಳ್ಳು ನೋಡಿಯೇ ಮೊಲೆಗೆ ಹಚ್ಚಿರಿ. ರೆಗ್ಯುಲೇಟರನ್ನು ಆಗಾಗ ಒರೆಸಿರಿ.

* ನಿಲ್ಲಿಸುವಾಗ ಮೊದಲು ಪೈಪಿಗೆ ಗಾಳಿ ಬಿಟ್ಟು, ಆಮೇಲೆ ಎಂಜಿನ್ ಆರಿಸಿರಿ. ಇಲ್ಲದಿದ್ದರೆ ಪಂಪು ಹಿಂದಕ್ಕೆ ತಿರುಗಿ ಎಣ್ಣೆ ಪೈಪಿಗೆ ಏರುತ್ತದೆ.

* ಎಂಜಿನ್, ಪಂಪು ಎರಡೂ ದನದ ಮನೆಯ ಹೊರಗಿರಲಿ, ಒಳಗೆ ಪೈಪು ಮಾತ್ರ. ಹೊಗೆ, ಸಪ್ಪಳಕ್ಕೆ ಆಕಳು ಹಾಲು ಇಳಿಸುವುದಿಲ್ಲ.

* ಬೆಲ್ಟಿಗೆ ಜಾಳಿಗೆ ಕಟ್ಟಲೇಬೇಕು. ಧೋತರದ ಚುಂಗು, ಸೀರೆಯ ಸೆರಗು ಕ್ಷಣದಲ್ಲಿ ಸಿಗುತ್ತವೆ.

ಈ ಪಂಪಿಗೆ 5 ಅಶ್ವಶಕ್ತಿ ಜಾಸ್ತಿಯೇ. ಇದ್ದ ಎಂಜಿನ್ ಅಂತ ಬಳಸಿದೆ; ಇದಕ್ಕಾಗಿಯೇ ಕೊಳ್ಳುವವರು ಸಣ್ಣದನ್ನು ನೋಡಿರಿ. ಎರಡು ಮೂರು ಆಕಳಿದ್ದವರಿಗೆ ಡೀಸೆಲ್ಲಿನ ಖರ್ಚು ಹುಟ್ಟುವುದಿಲ್ಲ, ಕೈಯೇ ಮೇಲು. ಬೆಲ್ಟು ಹಾಕುವ ಮೊದಲು ಪಂಪಿನ ಮೇಲೆ ಬರೆದ ಸುತ್ತು ಓದಿರಿ. ನಾನು ಅದನ್ನು ಓದಿದ್ದು ಆಕಳಿನ ಒಂದು ಮೊಲೆ ಹೋದ ಮೇಲೆ.