ಕರಣೆಯ ಹದ, ಯಂತ್ರದ ತೋಳು

ಯಂತ್ರವು ಕೆಲಸಗಾರನ ಅನ್ನವನ್ನು ಕಸಿಯುವುದೇ ಎಂಬುದು ಸಾಮಾನ್ಯ ಪ್ರಶ್ನೆ. ಯಂತ್ರ ಬಂದ ಮೇಲೆ ಕೆಲಸವು ಹೇಗೆ ಹಂಚಿಹೋಗುತ್ತದೆ, ಕೌಶಲವೆಂದು ಯಾವುದನ್ನು ಎಣಿಸಲಾಗುತ್ತದೆ ಎಂಬುದು ಸಮಾಜಶಾಸ್ತ್ರದ ಪ್ರಶ್ನೆ.

ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ರೂಪುಗೊಂಡ ‘ಸ್ಯಾಮ್’ ಇಟ್ಟಿಗೆ ಕಟ್ಟುವ ರೋಬೋಟ್. ಅದರ ತೋಳು ಇಟ್ಟಿಗೆಗೆ ಗಾರೆ ಬಳಿದು ಗೋಡೆಯ ಮೇಲಿರಿಸುತ್ತದೆ. ಇಟ್ಟಿಗೆ, ಗಾರೆಗಳನ್ನು ತುಂಬಿಕೊಡುವವನು ಮಾತ್ರ ಮನುಷ್ಯ. ಹೊರಚೆಲ್ಲಿದ ಗಾರೆಯನ್ನು ಕರಣೆಯಿಂದ ತೆಗೆದು ಸಂದು ತೀಡುವವನೂ ಅವನೇ. ‘ಅರೆಸ್ವಯಂಚಾಲಿತ ಗಾರೆಯವ’ ಎಂಬುದು ಆ ಹೆಸರಿನ ವಿಸ್ತರಣೆ. ಅದರಲ್ಲಿನ ‘ಅರೆ’ ಪ್ರಾಮಾಣಿಕವಾದುದು.

ಗಾರೆಯವನ ಕೈಯನ್ನು ಅಳೆಯುವ ಯತ್ನ ಹೊಸತಲ್ಲ. ಸ್ವತಃ ಇಟ್ಟಿಗೆ ಕಟ್ಟಿದ್ದ ಫ್ರಾಂಕ್ ಗಿಲ್‌ಬ್ರೆತ್ ಒಂದು ಇಟ್ಟಿಗೆಗೆ ಬೇಕಾದ 18 ಚಲನೆಗಳನ್ನು 5ಕ್ಕೆ ಇಳಿಸಿದನೆಂದು ಟೇಲರ್ 1911ರಲ್ಲಿ ಬರೆದನು. ಆದರೆ ಚಲನೆಯನ್ನು ಎಣಿಸಬಹುದು, ಹದವನ್ನು ಎಣಿಸಲಾಗದು. ಬಿಸಿಲೇರಿದಂತೆ ಗಾರೆ ಬಿಗಿಯುತ್ತದೆ, ಒಣಗಿದ ಇಟ್ಟಿಗೆ ನೀರನ್ನು ಹೀರುತ್ತದೆ; ಇದನ್ನು ಮೊದಲು ಅರಿಯುವುದು ಮಣಿಕಟ್ಟು. ಕನ್ನಡದಲ್ಲಿ ಅಡುಗೆಗೂ ಉಳುಮೆಗೂ ಗಾರೆಗೂ ‘ಹದ’ ಒಂದೇ ಪದವೆಂಬುದು ಗಮನಾರ್ಹ.

ಬ್ರಿಟನ್ನಿನ ಸಮಾಜಶಾಸ್ತ್ರಜ್ಞ ಹ್ಯಾರಿ ಕಾಲಿನ್ಸ್ 1974ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ನೆರವಾಗುತ್ತದೆ. ಒಂದು ಬಗೆಯ ಲೇಸರನ್ನು ಅಚ್ಚಾದ ಲೇಖನಗಳನ್ನಷ್ಟೇ ಓದಿ ಕಟ್ಟಲು ಯಾರಿಂದಲೂ ಆಗಲಿಲ್ಲ. ಕಟ್ಟಿ ಬಲ್ಲವರ ಒಡನಾಟವಿದ್ದವರು ಮಾತ್ರ ಕಟ್ಟಿದರು. ವಿಜ್ಞಾನಿಗಳ ಪಾಡೇ ಹೀಗಿರುವಾಗ ಗಾರೆ ಕೆಲಸದ ಮಾತೇನು?

ಹಾಗಾದರೆ, ಯಂತ್ರಕ್ಕೆ ಇಟ್ಟಿಗೆ ತುಂಬುವುದನ್ನಷ್ಟೇ ಕಲಿತ ಹುಡುಗನಿಗೆ ನಾಳೆ ಸಂದು ತೀಡುವ ಹದ ಯಾರಿಂದ ಬಂದೀತು? ಸಂಶೋಧಕನು ಸಾರುವೆಯ ಮೇಲೆ ನಿಂತು ನೋಡಬೇಕಾದುದು ಇದನ್ನೇ: ಯಂತ್ರ ತಪ್ಪಿದಾಗ ಅದನ್ನು ನಿಲ್ಲಿಸುವವರು ಯಾರು, ಅವರ ಕೂಲಿ ಎಷ್ಟು, ಅವರ ಪಕ್ಕದಲ್ಲಿ ಕಲಿಯಲು ಯಾರಾದರೂ ನಿಂತಿದ್ದಾರೆಯೇ.