ಬೇಸಿಗೆಯ ರಜೆಯೂ ಮನೆಯ ಮಕ್ಕಳ ದಿನಚರಿಯೂ

ನಮ್ಮ ರಾಜ್ಯದ ಪ್ರಾಥಮಿಕ ಶಾಲೆಗಳು ಏಪ್ರಿಲ್ ಎರಡನೆಯ ವಾರದಲ್ಲಿ ಬಾಗಿಲು ಹಾಕಿದರೆ ಮತ್ತೆ ತೆರೆಯುವುದು ಮೇ ತಿಂಗಳ ಕೊನೆಗೆ. ಹತ್ತಿರ ಹತ್ತಿರ ಏಳು ವಾರ. ಈ ಏಳು ವಾರಗಳ ಕಾಲ ಶಾಲೆಯ ಗಂಟೆಯಿಲ್ಲ, ಪ್ರಾರ್ಥನೆಯಿಲ್ಲ. ಅಷ್ಟು ದಿನ ಶಾಲೆ ಹೊತ್ತಿದ್ದ ಹೊಣೆ ಒಮ್ಮೆಲೇ ಮನೆಯ ಮೇಲೆ ಬೀಳುತ್ತದೆ. ದೊಡ್ಡ ಹುಡುಗರು ಹೇಗೋ ತಮ್ಮ ದಾರಿಯನ್ನು ತಾವು ನೋಡಿಕೊಂಡಾರು. ಮೂರರಿಂದ ಎಂಟು ವರ್ಷದೊಳಗಿನ ಕಿರಿಯರ ಗತಿಯೇನು? ಅವರ ದಿನವನ್ನು ಮನೆಯಲ್ಲಿ ಹೇಗೆ ಕಳೆಯಿಸಬೇಕು? ಈ ಪ್ರಶ್ನೆಯನ್ನು ಕುರಿತು ನಾನು ಓದಿದ, ಕಂಡ, ಮಾಡಿ ನೋಡಿದ ಕೆಲವು ಸಂಗತಿಗಳನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಇದು ಗೃಹಿಣಿಯರಿಗೆ ಸೇರಿದ ವಿಷಯ, ಕಾಲೇಜಿನ ಪತ್ರಿಕೆಯಲ್ಲಿ ಇದಕ್ಕೇಕೆ ಎಡೆ ಎಂದು ಕೆಲವರು ಕೇಳಬಹುದು. ನಮ್ಮ ಕಾಲೇಜಿಗೆ ಕೃಷ್ಣರಾಜನಗರ, ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಯ ಹಳ್ಳಿಗಳಿಂದ ಬರುವವರೇ ಹೆಚ್ಚು. ಬೇಸಿಗೆಯೆಂದರೆ ನಮ್ಮ ತಾಯಂದಿರಿಗೆ ಬಿಡುವಿನ ಕಾಲವಲ್ಲ. ಹುಣಸೂರು, ಪಿರಿಯಾಪಟ್ಟಣದ ಕಡೆ ಮೇ ತಿಂಗಳು ಹೊಗೆಸೊಪ್ಪಿನ ಸಸಿ ನೆಡುವ ಕಾಲ. ನಮ್ಮ ಚುಂಚನಕಟ್ಟೆಯ ಸುತ್ತಮುತ್ತ ಕಬ್ಬಿನ ಗದ್ದೆಯ ಕಳೆ, ತರಕಾರಿ ತೋಟದ ಕೂಲಿ. ತಾಯಿ ಹೊತ್ತುಮೂಡುವ ಮುಂಚೆ ಹೊರಟಳೆಂದರೆ ಕೂಸು ಅಜ್ಜಿಯ ಮಡಿಲಿಗೆ. ಅಜ್ಜಿಗೆ ಕೈಲಾಗದಿದ್ದರೆ ಅಕ್ಕನ ಸೊಂಟಕ್ಕೆ. ಆ ಅಕ್ಕ ಹತ್ತು ವರ್ಷದವಳಾದರೆ ಅವಳ ರಜೆ ಹೋಯಿತು. ಕಾಲೇಜಿನವಳಾದರೆ ಅವಳ ಪರೀಕ್ಷೆಯ ಓದು ಹೋಯಿತು. ಆದ್ದರಿಂದ ಇದು ನಮ್ಮ ವಿಷಯವೂ ಹೌದು.

ಇದಕ್ಕಿಂತ ದೊಡ್ಡ ಕಾರಣ ಹೊಳೆ. ಚುಂಚನಕಟ್ಟೆ ಕಾವೇರಿಯು ಬಂಡೆಗಳ ನಡುವೆ ಸೀಳಿ ಧುಮುಕುವ ಸ್ಥಳ. ಮಳೆಗಾಲದ ಭೋರ್ಗರೆತವನ್ನು ಕಂಡವರಿಗೆ ಬೇಸಿಗೆಯ ಹೊಳೆ ಸಾಧುವಾಗಿ ತೋರುತ್ತದೆ. ಆದರೆ ಬಂಡೆಗಳ ಸಂದಿನ ಮಡುಗಳ ಆಳ ದಡದಲ್ಲಿ ನಿಂತವರಿಗೆ ತಿಳಿಯುವುದಿಲ್ಲ. ಪಾಚಿ ಹಿಡಿದ ಕಲ್ಲು ಕಾಲಿಗೆ ನಿಲ್ಲುವುದಿಲ್ಲ. ಜಗತ್ತಿನಲ್ಲಿ ನೀರಿಗೆ ಸಿಕ್ಕಿ ಸಾಯುವವರ ಪ್ರಮಾಣ ಒಂದರಿಂದ ನಾಲ್ಕು ವರ್ಷದ ಮಕ್ಕಳಲ್ಲೇ ಅತಿ ಹೆಚ್ಚೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮಾಡಲು ಕೆಲಸವಿಲ್ಲದ, ನೋಡುವವರಿಲ್ಲದ ಮಗು ಸೆಕೆಗೆ ನೀರನ್ನೇ ಹುಡುಕಿಕೊಂಡು ಹೋಗುತ್ತದೆ. ದಿನಚರಿ ಎಂಬುದು ಶಿಸ್ತಿನ ಅಲಂಕಾರವಲ್ಲ, ಮಗುವಿನ ಪ್ರಾಣರಕ್ಷಣೆಯ ಒಂದು ಉಪಾಯ ಎಂಬುದನ್ನು ಮೊದಲು ಮನಗಾಣಬೇಕು.

ಈ ಸಮಸ್ಯೆ ನಮಗೊಬ್ಬರಿಗೇ ಬಂದುದಲ್ಲ. ರೋಮ್ ನಗರದ ಸಾನ್ ಲೊರೆಂಜೊ ಎಂಬ ಬಡವರ ಬಡಾವಣೆಯಲ್ಲಿ ತಂದೆತಾಯಿಗಳಿಬ್ಬರೂ ಕೆಲಸಕ್ಕೆ ಹೋದ ಮೇಲೆ ಚಿಕ್ಕ ಮಕ್ಕಳು ದಿನವೆಲ್ಲ ಮೆಟ್ಟಿಲುಗಳ ಮೇಲೆ ಅಲೆಯುತ್ತಿದ್ದರು. ಅವರಿಗಾಗಿಯೇ 1907ನೆಯ ಇಸವಿ ಜನವರಿ 6ರಂದು ವೈದ್ಯೆಯಾದ ಮರಿಯಾ ಮಾಂಟೆಸ್ಸೊರಿಯವರು ಮೊದಲ ‘ಮಕ್ಕಳ ಮನೆ’ಯನ್ನು ತೆರೆದರು. ಕೈತೊಳೆಯುವುದು, ಗುಡಿಸುವುದು, ನೀರು ಬಗ್ಗಿಸುವುದು, ಗುಂಡಿ ಹಾಕಿಕೊಳ್ಳುವುದು ಮುಂತಾದ ಮನೆಗೆಲಸಗಳೇ ಅಲ್ಲಿ ಪಾಠವಾದವು. ಮಗು ತಾನಾಗಿ ಆರಿಸಿಕೊಂಡ ಕೆಲಸದಲ್ಲಿ ಎಷ್ಟು ಹೊತ್ತು ಬೇಕಾದರೂ ಮುಳುಗಿರಬಲ್ಲದು ಎಂಬುದು ಅವರು ಕಂಡ ಸತ್ಯ. 1939ರಲ್ಲಿ ಅವರು ಭಾರತಕ್ಕೆ ಬಂದು, ಯುದ್ಧದ ಕಾರಣ ಹಲವು ವರ್ಷ ಇಲ್ಲಿಯೇ ಉಳಿದು ನಮ್ಮ ಉಪಾಧ್ಯಾಯರಿಗೆ ಶಿಕ್ಷಣ ಕೊಟ್ಟರು. ನಮ್ಮವರೇ ಆದ ಶಿವರಾಮ ಕಾರಂತರೂ ಪುತ್ತೂರಿನ ಬಾಲವನದಲ್ಲಿ ಆಟ, ನಾಟಕ, ಚಿತ್ರಗಳ ಮೂಲಕ ಮಕ್ಕಳಿಗೆ ಕಲಿಸುವ ಪ್ರಯೋಗ ಮಾಡಿದರು.

ಹಾಗಾದರೆ ಮನೆಯಲ್ಲಿ ಶಾಲೆಯ ವೇಳಾಪಟ್ಟಿಯನ್ನೇ ಗೋಡೆಗೆ ಅಂಟಿಸಿದರೆ ಸಾಲದೆ? ನಮ್ಮ ಹಳ್ಳಿಯ ಮನೆಯಲ್ಲಿ ಅದು ಮೂರು ದಿನವೂ ನಿಲ್ಲದು. ನೆಂಟರು ಬರುತ್ತಾರೆ, ಮದುವೆಯ ಕರೆ ಬರುತ್ತದೆ, ಸಂಜೆ ಗುಡುಗು ಸಿಡಿಲಿನ ಮಳೆ ಬರುತ್ತದೆ. ಯಾವ ಕಟ್ಟೂ ಇಲ್ಲದೆ ಬಿಟ್ಟರೋ, ಹೊಳೆಯ ದಾರಿ ತೆರೆದೇ ಇರುತ್ತದೆ. ಇವೆರಡರ ನಡುವಿನ ಹದವನ್ನು ನನಗೆ ತಿಳಿಸಿದವರು ನಮ್ಮ ತಾತ. ಸಂಕ್ರಾಂತಿಯ ಸುಮಾರಿಗೆ ಚುಂಚನಕಟ್ಟೆಯಲ್ಲಿ ನಡೆಯುವ ದನಗಳ ಜಾತ್ರೆಗೆ ಅವರು ವರ್ಷವೂ ಎತ್ತು ಹೊಡೆದುಕೊಂಡು ಹೋದವರು. ನನ್ನ ವೇಳಾಪಟ್ಟಿಯ ಹಾಳೆಯನ್ನು ನೋಡಿ ಅವರು ಹೇಳಿದ್ದು ಇಷ್ಟೇ: “ಹಗ್ಗ ಗಿಡ್ಡ ಕಟ್ಟಿದ್ರೆ ಎತ್ತು ಕತ್ತು ಸುತ್ಕೋತದೆ ಕಣವ್ವ. ಗೂಟ ಸಡ್ಲ ಬುಟ್ರೆ ಕಂಡೋರ ಗದ್ದೆಗೆ ಓಯ್ತದೆ. ಗೂಟ ಬಿಗಿಯಾಗಿರ್ಬೇಕು, ಹಗ್ಗ ಉದ್ದ ಇರ್ಬೇಕು.”

ಈ ಮಾತನ್ನೇ ಸೂತ್ರವಾಗಿಟ್ಟುಕೊಂಡು ಕಳೆದ ಬೇಸಿಗೆಯಲ್ಲಿ ನಮ್ಮ ಮನೆಯಲ್ಲಿ ಐದು ಮಕ್ಕಳ ದಿನಚರಿಯನ್ನು ನಡೆಸಿದೆನು. ಅಣ್ಣನ ಮಕ್ಕಳಿಬ್ಬರು, ಅಕ್ಕನ ಮಗನೊಬ್ಬ, ನೆರೆಮನೆಯ ಕೂಸುಗಳೆರಡು. ಚಿಕ್ಕವನಿಗೆ ಮೂರು, ದೊಡ್ಡವಳಿಗೆ ಎಂಟು. ನೆರೆಮನೆಯ ಕೂಸುಗಳನ್ನು ಅಲ್ಲಿಯವರೆಗೆ ನೋಡಿಕೊಳ್ಳುತ್ತಿದ್ದವಳು ಅವರ ಹತ್ತು ವರ್ಷದ ಅಕ್ಕ.

ಮೊದಲು ಗೂಟಗಳ ವಿಚಾರ. ಇವು ಮೂರೇ.

ಒಂದನೆಯದು ಬೆಳಗಿನ ಗೂಟ: ಏಳುವುದು, ಮುಖ ತೊಳೆಯುವುದು, ತಿಂಡಿ. ಎರಡನೆಯದು ನಡುಹಗಲಿನ ಗೂಟ: ಊಟ ಮತ್ತು ವಿಶ್ರಾಂತಿ. ಶಾಲೆಯ ಬಿಸಿಯೂಟ ನಿಂತಿರುವ ದಿನಗಳಾದ್ದರಿಂದ ಈ ಊಟ ತಪ್ಪಲೇಬಾರದು. ಮೂರನೆಯದು ಸಂಜೆಯ ಗೂಟ: ದೀಪ ಹಚ್ಚುವ ಹೊತ್ತಿಗೆ ಎಲ್ಲರೂ ಮನೆಯೊಳಗೆ, ಸ್ನಾನ, ಊಟ, ಕಥೆ, ನಿದ್ರೆ. ಚಿಕ್ಕ ಮಗುವಿಗೆ ಗಂಟೆ ತಿಳಿಯದು, ಆದರೆ ಸರದಿ ಚೆನ್ನಾಗಿ ತಿಳಿಯುತ್ತದೆ. ಊಟವಾದ ಮೇಲೆ ಚಾಪೆ, ಚಾಪೆಯಾದ ಮೇಲೆ ಆಟ ಎಂಬ ಸರದಿ ವಾರದೊಳಗೆ ಮನಸ್ಸಿನಲ್ಲಿ ಕುಳಿತರೆ, ಹೇಳಿ ಹೇಳಿ ಗಂಟಲು ಒಣಗಿಸಿಕೊಳ್ಳುವ ಕಷ್ಟ ಅರ್ಧಕ್ಕರ್ಧ ತಪ್ಪುತ್ತದೆ. ನಿದ್ರೆಯ ಗೂಟ ಎಲ್ಲಕ್ಕಿಂತ ಮುಖ್ಯ. ಮೂರು ನಾಲ್ಕು ವರ್ಷದ ಮಗುವಿಗೆ ಹಗಲಿನ ನಿದ್ರೆಯೂ ಸೇರಿ ದಿನಕ್ಕೆ 10ರಿಂದ 13 ಗಂಟೆಗಳ ನಿದ್ರೆ ಬೇಕೆಂದೂ, ಕನಿಷ್ಠ 180 ನಿಮಿಷಗಳ ಓಡಾಟ ಬೇಕೆಂದೂ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ತಿಳಿಸಿದೆ.

ಇನ್ನು ಗೂಟಗಳ ನಡುವಿನ ಹಗ್ಗದ ವಿಚಾರ. ಇಲ್ಲಿ ನಾಲ್ಕು ಬಗೆಯ ಕಾಲವನ್ನು ಇಟ್ಟುಕೊಂಡೆವು.

ಬೆಳಗಿನ ತಂಪಿನಲ್ಲಿ ಬಯಲಿನ ಕಾಲ. ತಿಂಡಿಯಾದ ಮೇಲೆ ಸುಮಾರು ಹತ್ತು ಗಂಟೆಯವರೆಗೆ ಕುಂಟೆಬಿಲ್ಲೆ, ಲಗೋರಿ, ಕಣ್ಣಾಮುಚ್ಚಾಲೆ. ಮರದಡಿ ಬಿದ್ದ ಎಲೆ, ಕಾಯಿ, ಗರಿಗಳನ್ನು ಆಯುವುದು. ನನಗೆ ಮೆಚ್ಚಿಗೆಯಾದುದು ನೆರಳಿನ ಆಟ. ಅಂಗಳದಲ್ಲಿ ಒಂದು ನೇರವಾದ ಕೋಲನ್ನು ನೆಟ್ಟು ಅದರ ನೆರಳಿನ ತುದಿಗೆ ಆಗಾಗ ಕಲ್ಲಿಡಿಸಿದೆನು. ನಮ್ಮ ಸೀಮೆಯಲ್ಲಿ ಏಪ್ರಿಲ್ 22–23ರ ಸುಮಾರಿಗೆ ಸೂರ್ಯನು ನೆತ್ತಿಯ ಮೇಲೆ ಬರುತ್ತಾನೆ. ಹನ್ನೆರಡೂ ಇಪ್ಪತ್ತರ ಆಸುಪಾಸಿನಲ್ಲಿ ಕೋಲಿನ ನೆರಳು ಬುಡದಲ್ಲೇ ಅಡಗಿಹೋಗುತ್ತದೆ. ಆ ದಿನ ಮಕ್ಕಳು ನೆರಳನ್ನು ಯಾರು ಕದ್ದರೆಂದು ಹುಡುಕಿದರು. ಅಂದಿನಿಂದ ಈ ಕೋಲೇ ನಮ್ಮ ಗಡಿಯಾರ. ನೆರಳು ಇಂಥ ಕಲ್ಲಿಗೆ ಬಂದರೆ ಮನೆಯೊಳಗೆ ಹೋಗಬೇಕು ಎಂದರೆ ಎದುರುಮಾತಿಲ್ಲ. ಏಕೆಂದರೆ ಹೇಳುವವಳು ನಾನಲ್ಲ, ಸೂರ್ಯ.

ಬಿಸಿಲೇರಿದ ಮೇಲೆ ಮನೆಗೆಲಸದ ಕಾಲ. ಅವರೆಕಾಳು ಹೆಸರುಕಾಳು ಬೇರೆಮಾಡುವುದು, ಸೊಪ್ಪು ಸೋಸುವುದು, ತಟ್ಟೆ ಲೋಟ ಜೋಡಿಸುವುದು, ಒಣಗಿದ ಬಟ್ಟೆ ಮಡಿಸುವುದು, ಕರುವಿಗೆ ನೀರಿಡುವುದು. ಮೂರು ವರ್ಷದವನು ಮಾಡಿದ ಕೆಲಸವನ್ನು ಮತ್ತೆ ಮಾಡಬೇಕಾಗುತ್ತದೆ, ನಿಜ. ಆದರೆ ತಾನೂ ಮನೆಗೆ ಬೇಕಾದವನು ಎಂಬ ಭಾವ ಅವನಿಗೆ ಬರುವುದು ಹೀಗೆಯೇ.

ಊಟವಾದ ಮೇಲೆ ತಣ್ಣನೆಯ ಕಾಲ. ಚಿಕ್ಕವರು ಮಲಗುತ್ತಾರೆ, ನಿದ್ರೆ ಬಾರದ ದೊಡ್ಡವರು ಸದ್ದಿಲ್ಲದೆ ಚಿತ್ರ ಬರೆಯಬಹುದು, ಪುಸ್ತಕ ನೋಡಬಹುದು. ಎದ್ದವರಿಗೆ ಮಜ್ಜಿಗೆ ಅಥವಾ ಪಾನಕ. ಆಮೇಲೆ ಹಜಾರದಲ್ಲಿ ಕುಳಿತಾಡುವ ಆಟಗಳು. ಮುಮ್ಮಡಿ ಕೃಷ್ಣರಾಜ ಒಡೆಯರು ಇಂತಹ ಮಣೆಯಾಟಗಳಲ್ಲಿ ಅಪಾರ ಆಸಕ್ತಿಯುಳ್ಳವರಾಗಿದ್ದರೆಂಬುದು ಮೈಸೂರಿನವರಿಗೆ ತಿಳಿದೇ ಇದೆ. ಅಳಗುಳಿಮಣೆಯಲ್ಲಿ ಸಾಲಿಗೆ ಏಳರಂತೆ ಹದಿನಾಲ್ಕು ಗುಳಿ. ಗುಳಿಗೆ ಐದು ಕಾಳಾದರೆ ಒಟ್ಟು ಎಪ್ಪತ್ತು. ಚೌಕಾಬಾರದಲ್ಲಿ ನಾಲ್ಕು ಕವಡೆಗಳ ಪೈಕಿ ಬಾಯಿ ಮೇಲಾದವುಗಳನ್ನು ಎಣಿಸಬೇಕು. ನಾಲ್ಕೂ ಮೇಲಾದರೆ ಚೌಕ, ಎಂದರೆ ನಾಲ್ಕು. ನಾಲ್ಕೂ ಬೋರಲಾದರೆ ಬಾರ, ಎಂದರೆ ಎಂಟು. ಕವಡೆ ಇಲ್ಲದಿದ್ದರೆ ಹುಣಿಸೆಬೀಜವನ್ನು ಒಂದು ಮಗ್ಗುಲು ಉಜ್ಜಿಕೊಂಡರಾಯಿತು. ಆರು ವರ್ಷದ ಹುಡುಗನು ಕೂಡುವ ಲೆಕ್ಕವನ್ನು ಸ್ಲೇಟಿಗಿಂತ ಬೇಗ ಇದರಲ್ಲಿ ಕಲಿತನು. ಆದರೆ ತೀರ ಚಿಕ್ಕವರು ಬೀಜವನ್ನು ಬಾಯಿಗೋ ಮೂಗಿಗೋ ತುರುಕಿಕೊಳ್ಳುವುದುಂಟು. ಹತ್ತಿರ ಒಬ್ಬರು ಇರಲೇಬೇಕು.

ಬಿಸಿಲು ಇಳಿದ ಮೇಲೆ ಮತ್ತೆ ಬಯಲಿನ ಕಾಲ, ದೀಪ ಹಚ್ಚುವವರೆಗೆ.

ಈ ನಾಲ್ಕರಲ್ಲಿ ಯಾವುದನ್ನು ಎಷ್ಟು ಹೊತ್ತು ಎಂಬುದಕ್ಕೆ ಕಟ್ಟುನಿಟ್ಟಿಲ್ಲ. ಸಂಜೆ ಮಳೆ ಬಂದರೆ ಬಯಲಿನ ಆಟ ಹಜಾರದ ಆಟವಾಗುತ್ತದೆ. ಮದುವೆಗೆ ಹೋದ ದಿನ ಮನೆಗೆಲಸ ಬಿಟ್ಟುಹೋಗುತ್ತದೆ. ಅದನ್ನು ಮರುದಿನ ದುಪ್ಪಟ್ಟು ಮಾಡಿಸಬಾರದು. ಜ್ವರ ಬಂದ ಮಗುವಿಗೆ ನಿದ್ರೆ, ನೀರು, ಕಥೆ ಮೂರೇ ಸಾಕು. ಎಲ್ಲಿಗೆ ಹೋದರೂ, ಏನೇ ಬಿಟ್ಟರೂ ಮೂರು ಗೂಟಗಳನ್ನು ಮಾತ್ರ ಕೀಳಬಾರದು. ಇನ್ನೊಂದು ಉಪಾಯವೆಂದರೆ ಮಗುವಿಗೆ ಆಯ್ಕೆ ಕೊಡುವುದು. “ಏನು ಮಾಡ್ತೀಯ?” ಎಂದು ಕೇಳಿದರೆ ಅದು ತಬ್ಬಿಬ್ಬಾಗುತ್ತದೆ. “ಸೊಪ್ಪು ಸೋಸ್ತೀಯೋ, ಬಟ್ಟೆ ಮಡಿಸ್ತೀಯೋ?” ಎಂದರೆ ತಾನೇ ತೀರ್ಮಾನಿಸಿದ ಹೆಮ್ಮೆಯಿಂದ ಕುಳಿತುಕೊಳ್ಳುತ್ತದೆ.

ನಾನು ಒಂದು ಪುಸ್ತಕದಲ್ಲಿ ದಿನವೂ ಗುರುತು ಹಾಕಿಕೊಂಡುದರಿಂದ ಒಂದು ಸಂಗತಿ ಸ್ಪಷ್ಟವಾಯಿತು. ಹಟ, ಅಳು, ಜಗಳಗಳು ದಿನವಿಡೀ ಹರಡಿರುವುದಿಲ್ಲ. ಅವು ಹೆಚ್ಚಾಗಿ ಮಧ್ಯಾಹ್ನದ ಊಟಕ್ಕೆ ಮುಂಚಿನ ಅರ್ಧ ಗಂಟೆಯಲ್ಲೂ, ತಾಯಿ ಕೆಲಸದಿಂದ ಬರುವ ಮುಂಚಿನ ಅರ್ಧ ಗಂಟೆಯಲ್ಲೂ ಬರುತ್ತವೆ. ಒಂದಕ್ಕೆ ಕಾರಣ ಹಸಿವು, ಇನ್ನೊಂದಕ್ಕೆ ಕಾಯುವಿಕೆ. ಊಟವನ್ನು ತುಸು ಮುಂದಕ್ಕೆ ತಂದೆವು. ಸಂಜೆಯ ಆ ಹೊತ್ತಿಗೆ ಅಜ್ಜಿ ಕಥೆ ಶುರುಮಾಡಿದರು. ಅಳು ಪೂರ್ತಿ ನಿಲ್ಲಲಿಲ್ಲವಾದರೂ ಬಹಳ ಕಡಿಮೆಯಾಯಿತು.

ಮೊಬೈಲ್ ಫೋನಿನ ಮಾತನ್ನೂ ಆಡಲೇಬೇಕು. ಕೈಗೆ ಫೋನು ಕೊಟ್ಟರೆ ಮಗು ಮನೆಯಲ್ಲೇ ಇರುತ್ತದೆ, ಹೊಳೆಗೆ ಹೋಗುವುದಿಲ್ಲ ಎನ್ನುವ ತಾಯಂದಿರನ್ನು ನಾನು ಬಲ್ಲೆ. ಅವರ ಭಯ ಸುಳ್ಳಲ್ಲ. ಆದ್ದರಿಂದ ಅವರನ್ನು ಜರೆಯಲಾರೆ. ಆದರೆ ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಪರದೆ ಸಲ್ಲದು, ಕಡಿಮೆಯಾದಷ್ಟೂ ಒಳ್ಳೆಯದು ಎಂಬುದು ಮೇಲೆ ಹೇಳಿದ ಸಂಸ್ಥೆಯದೇ ಸಲಹೆ. ಹಾಗೆಯೇ ಹೊಗೆಸೊಪ್ಪಿನ ಹೊಲಕ್ಕೆ ಮಕ್ಕಳನ್ನು ಕರೆದೊಯ್ಯಬಾರದು. ಹಸಿ ಎಲೆಯ ರಸ ಚರ್ಮದ ಮೂಲಕ ಒಳಸೇರಿ ತಲೆಸುತ್ತು, ವಾಂತಿ ತರುತ್ತದೆ. ಹೊಳೆಯ ವಿಷಯದಲ್ಲಿ ನಮ್ಮ ಮನೆಯ ಕಟ್ಟಳೆ ಒಂದೇ: ದೊಡ್ಡವರ ಕೈ ಹಿಡಿಯದೆ ಯಾರೂ ನೀರಿನ ಬಳಿ ಹೋಗುವಂತಿಲ್ಲ. ಇದಕ್ಕೆ ಹಗ್ಗವೇ ಇಲ್ಲ, ಗೂಟ ಮಾತ್ರ.

ಒಂದು ಮನೆಗೆ ಇದೆಲ್ಲ ಭಾರವೆನಿಸಬಹುದು. ನೆರವು ಇಲ್ಲದಿಲ್ಲ. ಅಂಗನವಾಡಿಯ ಯೋಜನೆ 1975ರ ಅಕ್ಟೋಬರ್ 2ರಂದು ಆರಂಭವಾದಾಗ ಕರ್ನಾಟಕದಲ್ಲಿ ಮೊದಲು ಆಯ್ಕೆಯಾದುದು ನಮ್ಮ ಜಿಲ್ಲೆಯ ತಿರುಮಕೂಡಲು ನರಸೀಪುರವೇ. 2020ರ ನವೆಂಬರಿನಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಿಂದ ಆರು ವರ್ಷ ದಾಟಿದ ಮಕ್ಕಳಿಗೆ ಗ್ರಾಮ ಪಂಚಾಯಿತಿಯ ಗ್ರಂಥಾಲಯದಲ್ಲಿ ಉಚಿತ ಸದಸ್ಯತ್ವ ದೊರಕಿತು. ಮೈಸೂರಿನ ರಂಗಾಯಣದ ಚಿಣ್ಣರ ಮೇಳ ಹೆಸರಾದುದು; ಆದರೆ ಅದು ದೊಡ್ಡ ಮಕ್ಕಳಿಗೆ, ಅದೂ ಪೇಟೆಯ ಹತ್ತಿರದವರಿಗೆ. ನಮ್ಮ ಕಿರಿಯರಿಗೆ ಅಕ್ಕಪಕ್ಕದ ಮೂರು ನಾಲ್ಕು ಮನೆಗಳು ಸರದಿಯಂತೆ ಕೂಡಿಕೊಳ್ಳುವುದೇ ಸುಲಭದ ದಾರಿ. ಒಬ್ಬಳು ಬೆಳಗ್ಗೆ, ಇನ್ನೊಬ್ಬಳು ಮಧ್ಯಾಹ್ನ ನೋಡಿಕೊಂಡರೆ ಇಬ್ಬರಿಗೂ ಬಿಡುವುಂಟು.

ನಮ್ಮಲ್ಲಿ ಆದುದೂ ಅದೇ. ಮಧ್ಯಾಹ್ನದ ತಣ್ಣನೆಯ ಕಾಲದಲ್ಲಿ ನನಗೆ ದಿನಕ್ಕೆ ಎರಡು ಗಂಟೆಯ ಓದು ದಕ್ಕಿತು. ನೆರೆಮನೆಯ ಆ ಹತ್ತು ವರ್ಷದ ಹುಡುಗಿಗೆ ಬೆಳಗಿನ ಹೊತ್ತು ಪೂರ್ತಿ ಅವಳದಾಯಿತು. ತಮ್ಮ ತಂಗಿಯರನ್ನು ಎತ್ತಿಕೊಳ್ಳದೆ ಓರಗೆಯವರೊಡನೆ ಅವಳು ಲಗೋರಿ ಆಡಿದ್ದನ್ನು ನಾನು ಕಂಡದ್ದು ಆಗಲೇ. ಕಿರಿಯರ ದಿನಚರಿಯನ್ನು ಯೋಚಿಸುವಾಗ ಇಂತಹ ಹಿರಿಯ ಮಕ್ಕಳ ಬಾಲ್ಯವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಹಣವನ್ನಾಗಲಿ ಪೇಟೆಯ ಆಟಿಕೆಯನ್ನಾಗಲಿ ಬೇಡದ ಈ ಕ್ರಮವನ್ನು ಸಹಪಾಠಿಗಳು ಬರುವ ಬೇಸಿಗೆಯಲ್ಲಿ ತಮ್ಮ ತಮ್ಮ ಮನೆಗಳಲ್ಲಿ ನಡೆಸಿ ನೋಡಲಿ. ತಮ್ಮ ಊರಿಗೆ, ತಾಯಂದಿರ ಕೆಲಸದ ವೇಳೆಗೆ ತಕ್ಕಂತೆ ಬದಲಾಯಿಸಿಕೊಳ್ಳಲಿ. ಅದರ ಫಲವನ್ನು ಮುಂದಿನ ಸಂಚಿಕೆಯಲ್ಲಿ ಯಾರಾದರೂ ಬರೆದರೆ ನನಗೂ ಕಲಿಯುವುದು ಬಹಳವಿದೆ ಎಂದು ಹೇಳಿ ವಿರಮಿಸುತ್ತೇನೆ.