ಬ್ಲಾಕ್‌ಚೈನ್ ಕಾಯೋ ಬ್ಯಾಕೆಂಡ್ ಇಂಜಿನಿಯರ್ ಏನು ಮಾಡ್ತಾರೆ?

ಬ್ಲಾಕ್‌ಚೈನ್ ಅಂದ ಕೂಡಲೇ ನಮಗೆಲ್ಲ ಬಿಟ್‌ಕಾಯಿನ್ ನೆನಪಾಗತ್ತೆ. ಆದರೆ ಅದರ ಬೇರು ಹುಡುಕಿಕೊಂಡು ಹೋದರೆ ನಾವು ಮುಟ್ಟೋದು ನ್ಯೂಜೆರ್ಸಿಯ ಮೊರಿಸ್‌ಟೌನ್ ಊರನ್ನು. ಅಲ್ಲಿನ ಬೆಲ್‌ಕೋರ್ ಸಂಸ್ಥೆಯಲ್ಲಿದ್ದ ಸ್ಟುವರ್ಟ್ ಹೇಬರ್ ಮತ್ತು ಸ್ಕಾಟ್ ಸ್ಟೋರ್ನೆಟ್ಟಾ 1991ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಕಂಪ್ಯೂಟರಿನಲ್ಲಿರುವ ದಾಖಲೆಯ ತಾರೀಖನ್ನು ಯಾರೂ ತಿದ್ದದ ಹಾಗೆ ಮಾಡೋದು ಹೇಗೆ ಅನ್ನೋದು ಅವರ ಪ್ರಶ್ನೆ.

ಉತ್ತರ, ಹ್ಯಾಶ್‌ಗಳ ಸರಪಳಿ. ಹ್ಯಾಶ್ ಅಂದ್ರೆ ದಾಖಲೆಯ ಹೆಬ್ಬೆಟ್ಟಿನ ಗುರುತು ಅಂದುಕೊಳ್ಳಿ. ದಾಖಲೆಯಲ್ಲಿ ಒಂದೇ ಅಕ್ಷರ ಬದಲಾದ್ರೂ ಗುರುತು ಪೂರ್ತಿ ಬೇರೆಯಾಗತ್ತೆ. ಪ್ರತಿ ದಾಖಲೆಗೂ ಹಿಂದಿನದರ ಹ್ಯಾಶ್ ಸೇರಿಸಿಬಿಟ್ಟರೆ, ಹಳೆಯದನ್ನು ತಿದ್ದುವವರು ಆಮೇಲಿನದನ್ನೆಲ್ಲ ತಿದ್ದಬೇಕಾಗತ್ತೆ. ಅದಕ್ಕೂ ದಾರಿ ಇರಬಾರದು ಅಂತ ಅವರ ಶ್ಯೂರಿಟಿ ಕಂಪನಿ 1995ರಿಂದ ವಾರಕ್ಕೊಂದು ಹ್ಯಾಶನ್ನು ನ್ಯೂಯಾರ್ಕ್ ಟೈಮ್ಸ್‌ನ ಸಣ್ಣ ಜಾಹೀರಾತುಗಳ ನಡುವೆ ಅಚ್ಚು ಹಾಕಿಸಿತು. ಮನೆಮನೆಗೆ ಹೋದ ಪೇಪರನ್ನು ತಿದ್ದೋದು ಯಾರ ಕೈಲಾಗತ್ತೆ! 2008ರ ಬಿಟ್‌ಕಾಯಿನ್ ಪ್ರಬಂಧದ 8 ಉಲ್ಲೇಖಗಳಲ್ಲಿ 3 ಇವರವೇ.

ಸರಪಳಿ ಇಷ್ಟು ಗಟ್ಟಿ ಇದ್ದರೆ ಹಣ ಕಳುವಾಗೋದು ಹೇಗೆ? 2022ರ ಮಾರ್ಚ್ 23ರಂದು ಆಕ್ಸಿ ಇನ್ಫಿನಿಟಿ ಎಂಬ ಆಟದ ರೋನಿನ್ ಜಾಲದಿಂದ 1,73,600 ಈಥರ್ ನಾಣ್ಯ ಹೊರಟುಹೋಯ್ತು. ಸರಪಳಿಯ ಒಂದು ಕೊಂಡಿಯೂ ಮುರಿದಿರಲಿಲ್ಲ. ಅಲ್ಲಿ ಹಣ ಬಿಡೋದಕ್ಕೆ 9ರಲ್ಲಿ 5 ಸಹಿ ಸಾಕಿತ್ತು. ಕಳ್ಳರಿಗೆ ಕಂಪನಿಯದೇ 4 ಕೀಲಿ ಸಿಕ್ಕಿದ್ದವು. ಐದನೆಯ ಸಹಿ ಬಂದಿದ್ದು ಒಂದು ಮರೆತ ಅನುಮತಿಯಿಂದ. 2021ರ ನವೆಂಬರಿನಲ್ಲಿ ತಾತ್ಕಾಲಿಕವಾಗಿ ಕೊಟ್ಟಿದ್ದನ್ನು, ಡಿಸೆಂಬರಿನಲ್ಲಿ ಅದರ ಬಳಕೆ ನಿಂತ ಮೇಲೂ ಯಾರೂ ರದ್ದು ಮಾಡಿರಲಿಲ್ಲ. ಸಹಿ ಸರಿಯಿದ್ದರೆ ಸರಪಳಿ ಒಪ್ಪಿಕೊಳ್ಳತ್ತೆ, ಹಾಕಿದವರು ಯಾರು ಅಂತ ಕೇಳಲ್ಲ. ನಮಗೆ ಇದಕ್ಕಿಂತ ಕಳವಳ ತರೋದು ಇನ್ನೊಂದಿದೆ. ಕಳುವು ಗೊತ್ತಾಗಿದ್ದೇ 6 ದಿನದ ಮೇಲೆ, ಅದೂ ಬಳಕೆದಾರರೊಬ್ಬರು 5,000 ಈಥರ್ ತೆಗೆಯೋಕೆ ಆಗ್ತಿಲ್ಲ ಅಂತ ದೂರು ಕೊಟ್ಟಾಗ.

ನ್ಯೂಯಾರ್ಕ್ ರಾಜ್ಯದ ಹಣಕಾಸು ಸೇವೆಗಳ ಇಲಾಖೆಯ ಪರವಾನಗಿ ಇರುವ ಕಂಪನಿಗಳು ಇಂಥ ಸೈಬರ್ ಘಟನೆಯನ್ನು 72 ಗಂಟೆಯೊಳಗೆ ತಿಳಿಸಬೇಕು. ಆದರೆ ಆ ಗಡಿಯಾರ ಓಡೋದು ಘಟನೆ ನಡೆದಿದೆ ಅಂತ ಕಂಪನಿಗೆ ಖಚಿತವಾದ ಮೇಲೆ! ಗೊತ್ತೇ ಆಗದಿದ್ದರೆ? ಬ್ಯಾಕೆಂಡ್ ಇಂಜಿನಿಯರ್ ಕೆಲಸ ಬರೋದು ಇಲ್ಲೇ. ಬಳಕೆ ಮುಗಿದ ಅನುಮತಿ ತಾನಾಗಿ ರದ್ದಾಗುವಂತೆ ಕೋಡ್ ಬರೀಬೇಕು. ಕೀಲಿಗಳು ಒಂದೇ ಕಡೆ ಸೇರದ ಹಾಗೆ ನೋಡಿಕೊಳ್ಳಬೇಕು. ಈಥೀರಿಯಮ್‌ನಲ್ಲಿ ಸುಮಾರು 12 ಸೆಕೆಂಡಿಗೊಂದು ಬ್ಲಾಕ್ ಸೇರತ್ತೆ. ಪ್ರತಿ ಸಲವೂ ಖಜಾನೆಯಲ್ಲಿರುವ ಹಣವನ್ನು ಲೆಕ್ಕದ ಜೊತೆ ತಾಳೆ ನೋಡಿ, ವ್ಯತ್ಯಾಸ ಕಂಡರೆ ರಾತ್ರಿ 2 ಗಂಟೆಯಾದರೂ ಯಾರದಾದರೂ ಫೋನ್ ಹೊಡ್ಕೊಳ್ಳೋ ಹಾಗೆ ಮಾಡಿಡಬೇಕು.